ಮೊದಲ ಸಲಕ್ಕೇ ಹೂಂ ಅಂದವಳು

ಸಿಂದಗಿ
ಬುಧವಾರ, 19 ನವೆಂಬರ್ 2025

ನಾಲತವಾಡದಲ್ಲಿ ಫೋನ್ ಬಂದ್ ಮಾಡಿಕೊಂಡು ಕೂತಿರುವ ನನ್ನ ಯಜಮಾನರಿಗೆ, ಅವರ ಹೆಂಡತಿ ಭುವನೇಶ್ವರಿಯ ನಮಸ್ಕಾರಗಳು.

ನಾನು ಇಲ್ಲಿ ಆರಾಮ ಇದ್ದೇನೆ ಎಂದು ಬರೆಯುವುದು ಪದ್ಧತಿ. ಆರಾಮ ಇಲ್ಲ. ನೀವೂ ಇರಲಿಕ್ಕಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಅಂಗಡಿಗೆ ಹೋಗುತ್ತಿದ್ದೇನೆ, ಸಿಟ್ಟು ಬಂದಾಗ ನಿಮ್ಮ ಅಂಗಿಗಳನ್ನು ಇಸ್ತ್ರಿ ಮಾಡುತ್ತಿದ್ದೇನೆ. ಎಲ್ಲಾ ಮುಗಿದವು. ಕಾಗದ ಹಿಡಿದದ್ದಕ್ಕೆ ಕಾರಣವೇನೆಂದರೆ, ಫೋನಿನಲ್ಲಾದರೆ ನೀವು ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀರಿ. ಕಾಗದವನ್ನು ಹರಿದು ಹಾಕುವ ಮನುಷ್ಯರು ನೀವಲ್ಲ. ಸೀರೆಯೊಳಗಿನ ತೆಳುಕಾಗದವನ್ನೂ ಮಡಚಿ ಎತ್ತಿಡುವವರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾಳೆ ಗುರುವಾರ. ನಾವಿಬ್ಬರೂ ದುಡಿಯುವ ಸಿಂದಗಿ ಬಟ್ಟೆ ಅಂಗಡಿಯ ಮ್ಯಾನೇಜರ್ ಆಗುತ್ತೇನೋ ಇಲ್ಲವೋ ಎಂದು ನಾನು ಹುಬ್ಬಳ್ಳಿ ಆಫೀಸಿಗೆ ಬರೆದು ತಿಳಿಸಬೇಕಾದ ದಿನ. ಹೂಂ ಎಂದರೆ ನೀವು ತಿರುಗಿ ಬರುವುದಿಲ್ಲ ಎಂದು ನಿಮ್ಮ ಅಕ್ಕ ರಾಜೇಶ್ವರಿ ಬಾಗೇವಾಡಿಯಿಂದ ಫೋನ್ ಮಾಡಿ ಹೇಳಿದರು. ನೀವೇ ಹಾಗೆ ಅಂದಿರೋ, ಅವರು ಸೇರಿಸಿ ಹೇಳಿದರೋ ಗೊತ್ತಿಲ್ಲ. ಕೇಳೋಣವೆಂದರೆ ನಿಮ್ಮ ಫೋನಿಗೆ ಜೀವವೇ ಇಲ್ಲ.

ಆವತ್ತಿನದನ್ನು ಒಮ್ಮೆ ಸರಿಯಾಗಿ ನೆನಪು ಮಾಡಿಕೊಳ್ಳೋಣ. ಹೋದ ಮಂಗಳವಾರ ಚನ್ನಬಸಯ್ಯನವರ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಅವರು ಮ್ಯಾನೇಜರರ ಕುರ್ಚಿಯಲ್ಲಿ, ಹುಬ್ಬಳ್ಳಿಯ ಸಾಹೇಬರು ಎದುರಿಗೆ, ನೀವು ಬಾಗಿಲ ಹತ್ತಿರ, ನಾನು ನಿಮ್ಮ ಹಿಂದೆ. ಚನ್ನಬಸಯ್ಯನವರು ಇಂಡಿ ಊರಿನ ಹೊಸ ಅಂಗಡಿಗೆ ಹೋಗುತ್ತಾರೆ, ಈ ಜಾಗಕ್ಕೆ ನಿಮ್ಮಿಬ್ಬರಲ್ಲಿ ಒಬ್ಬರು ಬೇಕು ಎಂದರು ಸಾಹೇಬರು. ಮೊದಲು ನಿಮ್ಮನ್ನೇ ಕೇಳಿದರು. ನೀವು ತಲೆ ಕೆಳಗೆ ಹಾಕಿ, ಕುತ್ತಿಗೆ ಕೆರೆದುಕೊಂಡು ನಕ್ಕಿರಿ. "ನನಗ್ಯಾಕ್ರಿ ಸಾಹೇಬ್ರ ಅಷ್ಟ ದೊಡ್ಡ ಜವಾಬ್ದಾರಿ. ನಮ್ಮಾಕಿ ಅದಾಳಲ್ರಿ, ಆಕಿನ್ನ ಮಾಡ್ರಿ" ಎಂದಿರಿ.

ನಮ್ಮ ಕಡೆ ಯಾರಾದರೂ ಚಹಾ ಕುಡಿಯಿರಿ ಎಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ ಈಗಷ್ಟೇ ಕುಡಿದು ಬಂದೆ ಅನ್ನಬೇಕು. ಮೂರನೇ ಸಲ ಕೈ ಹಿಡಿದು ಒತ್ತಾಯ ಮಾಡಿದ ಮೇಲೆ, ಅರ್ಧ ಸಾಕು ಅನ್ನುತ್ತ ತುಂಬಿದ ಕಪ್ಪು ತೆಗೆದುಕೊಳ್ಳಬೇಕು. ನಿಮ್ಮದು ಆ ಮೊದಲನೆಯ ಬೇಡ. ಅದು ನನಗೆ ಗೊತ್ತಿತ್ತು, ಚನ್ನಬಸಯ್ಯನವರಿಗೂ ಗೊತ್ತಿತ್ತು. ಗೊತ್ತಾಗದೆ ಉಳಿದವರು ದಕ್ಷಿಣದ ಕಡೆಯಿಂದ ಹುಬ್ಬಳ್ಳಿಗೆ ಬಂದ ಆ ಸಾಹೇಬರೊಬ್ಬರೇ ಎಂದು ಆಗ ಅಂದುಕೊಂಡೆ. ಅವರು "ಸರಿ ಹಾಗಾದ್ರೆ" ಎಂದು ನನ್ನ ಕಡೆ ತಿರುಗಿಬಿಟ್ಟರು.

ಚನ್ನಬಸಯ್ಯನವರು ನನ್ನ ಮುಖ ನೋಡಿದರು. ಏ, ಅವರು ಸುಮ್ಮನೆ ಹಾಗಂತಾರೆ, ಅವರನ್ನೇ ಮಾಡಿ ಎಂದು ನಾನು ಅನ್ನಬೇಕಿತ್ತು. ಒಳ್ಳೆಯ ಹೆಂಡತಿಯಾದವಳು ಅಷ್ಟು ಅನ್ನಬೇಕಿತ್ತು, ಅದೂ ನನಗೆ ಗೊತ್ತಿತ್ತು. "ಹೂಂ ರೀ ಸಾಹೇಬ್ರ, ನಾ ಮಾಡ್ತೇನಿ" ಎಂದೆ. ಮೊದಲ ಸಲಕ್ಕೇ ಎಂದೆ. ನಿಮ್ಮ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಅದನ್ನು ಎಲ್ಲಿಡಬೇಕೆಂದು ನಿಮಗೆ ತಿಳಿಯಲಿಲ್ಲ. ಮನೆಯಲ್ಲಿ ಕೂತು ಮಾತಾಡಿಕೊಂಡು ಮುಂದಿನ ವಾರದ ಗುರುವಾರದೊಳಗೆ ಬರೆದು ಕಳಿಸಿ ಎಂದು ಹೇಳಿ ಸಾಹೇಬರು ಹೊರಟುಹೋದರು.

ಮನೆಯಲ್ಲಿ ಕೂತು ಮಾತಾಡಲು ನೀವೆಲ್ಲಿ ಬಿಟ್ಟಿರಿ? ಶರ್ಟಿನ ಕೌಂಟರಿನ ಪರಶು ಸಂಜೆ ಎಲ್ಲರೆದುರಿಗೆ, "ಏನಪಾ ಅನೀಲಣ್ಣಾ, ಇನ್ನ ರಜಾ ಬೇಕಂದ್ರ ಮನ್ಯಾಗ ಕೇಳ್ತಿಯೋ, ಅಂಗಡ್ಯಾಗ ಕೇಳ್ತಿಯೋ?" ಎಂದ. ಎಲ್ಲರೂ ನಕ್ಕರು. ನನಗೂ ನಗು ಬಂತು, ನಿಮ್ಮ ಮುಖ ನೋಡಿ ನುಂಗಿಕೊಂಡೆ. ಮರುದಿನ ಮುಂಜಾನೆ "ಅವ್ವನ ನೋಡಿ ಬರ್ತೇನಿ" ಎಂದು ಚೀಲ ಹಿಡಿದವರು ಇವತ್ತಿನವರೆಗೆ ಅವ್ವನನ್ನು ನೋಡುತ್ತಲೇ ಇದ್ದೀರಿ.

ಆಮೇಲಿನದನ್ನು ಕೇಳಿ. ಮುದ್ದೇಬಿಹಾಳದಿಂದ ನಮ್ಮಪ್ಪನ ಫೋನ್ ಬಂತು. "ಇಪ್ಪತ್ತೈದಕ್ಕ ಮ್ಯಾನೇಜರ್ ಆಗಿ ಏನ್ ಮಾಡ್ತಿ ಮಗಳ? ಇನ್ನೂ ವಯಸ್ಸೈತಿ, ಮುಂದ ಆಗೀಯಂತ" ಎಂದ. "ಅಪ್ಪಾ, ಇಪ್ಪತ್ತೆರಡಕ್ಕ ಲಗ್ನಾ ಮಾಡೂಮುಂದ ನನ್ನ ವಯಸ್ಸು ನಿನಗ ನೆನಪಾಗಲಿಲ್ಲೇನು?" ಎಂದು ಕೇಳಿದೆ. ಅಪ್ಪ ಜೋಳದ ಸುದ್ದಿ ತೆಗೆದ.

ನಿಮ್ಮ ಅಕ್ಕ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಬರುವ ರವಿವಾರ ಬಾಗೇವಾಡಿಯ ತಮ್ಮ ಮನೆಯಲ್ಲಿ ಹಿರಿಯರನ್ನು ಕೂಡಿಸುತ್ತಾರಂತೆ. ಅದಕ್ಕಿಂತ ಮೊದಲು ನನಗೊಂದು ದಾರಿ ತೋರಿಸಿದರು. "ಅಂವ ಬಿಟ್ಟಕೊಟ್ಟಾನಂತ ನಾಕ ಮಂದಿ ಮುಂದ ನಿನ್ನ ಬಾಯಿಂದ ಹೇಳಿಬಿಡವ್ವಾ. ಅಷ್ಟಾದ್ರ ಸಾಕು, ಅಂವ ಬರ್ತಾನ. ಇಲ್ಲಂದ್ರ ಆ ನೌಕರಿ ನನಗ ಬ್ಯಾಡ ಅಂತ ಬರದ ಹಾಕು." ನೀವೂ ಊರಲ್ಲಿ ಹಾಗೇ ಹೇಳಿಕೊಂಡು ತಿರುಗುತ್ತಿದ್ದೀರಂತೆ. ಅದು ನನ್ನದೇ ಇತ್ತು, ಹೆಂಡತಿಗೆ ಬಿಟ್ಟುಕೊಟ್ಟೆ ಎಂದು.

ಸುಳ್ಳು ಹೇಳುವುದಿಲ್ಲ, ಎರಡು ದಿನ ಆ ದಾರಿಯಲ್ಲೇ ಹೋಗಿಬಿಡೋಣ ಅನ್ನಿಸಿತು. ಒಂದು ಮಾತಿನಿಂದ ಕೆಲಸವೂ ಸಿಗುತ್ತದೆ, ಗಂಡನೂ ಮನೆಗೆ ಬರುತ್ತಾನೆ. ನೀವಿಲ್ಲದ ಮನೆ ನನಗೆ ಸೇರುವುದಿಲ್ಲ. ಮುಂಜಾನೆ ಕನ್ನಡಿ ಮುಂದೆ ನಿಂತು ಮೀಸೆ ತಿದ್ದುತ್ತ ನನ್ನನ್ನು ತಡ ಮಾಡಿಸುವವರಿಲ್ಲದೆ, ಅಂಗಡಿ ಬೀಗ ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನಿಮ್ಮ ನೆನಪು ಬಹಳ ಆಗುತ್ತದೆ. ಇದನ್ನು ಮುಚ್ಚಿಟ್ಟು ನನಗೇನೂ ಆಗಬೇಕಾಗಿಲ್ಲ.

ಆದರೆ ಬಿಟ್ಟುಕೊಟ್ಟಿದ್ದು ಎಂದು ಒಮ್ಮೆ ನಾನು ಒಪ್ಪಿದರೆ, ಮುಂದೆ ಪ್ರತಿ ಜಗಳದಲ್ಲೂ ನೀವು ಅದನ್ನೇ ತೆಗೆಯುತ್ತೀರಿ. ಮದುವೆಯಲ್ಲಿ ನಿಮ್ಮ ಗೆಳೆಯರ ಪಂಕ್ತಿಗೆ ಬುಂದಿ ಸಾಲದೆ ಹೋದದ್ದನ್ನು ಇನ್ನೂ ತೆಗೆಯುವವರು ನೀವು. ಪಗಾರ ತಂದರೂ ನಿಮ್ಮ ಉಪಕಾರ, ಪರಶುವನ್ನು ಗದರಿಸಿದರೂ ನಿಮ್ಮ ಉಪಕಾರ. ಅದು ನನ್ನಿಂದ ಆಗುವ ಬಾಳುವೆ ಅಲ್ಲ.

ಅದಕ್ಕೇ ಸೋಮವಾರ ಸಾಹೇಬರಿಗೆ ನಾನೇ ಫೋನ್ ಮಾಡಿದೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. ನಮ್ಮ ಯಜಮಾನರು ಆವತ್ತು ಒಪ್ಪಿದ್ದರೆ ಯಾರಿಗೆ ಕೊಡುತ್ತಿದ್ದಿರಿ ಎಂದು ಕೇಳಿದೆ. ಅವರು ಗಂಟಲು ಸರಿಮಾಡಿಕೊಂಡರು. "ನಿಮ್ಮ ಹೆಸರು ಹುಬ್ಬಳ್ಳಿಯಲ್ಲೇ ತೀರ್ಮಾನ ಆಗಿತ್ತು ಮೇಡಂ. ಅವರು ಹಿರಿಯರು, ಅವರ ಎದುರಿಗೆ ನಿಮ್ಮನ್ನೇ ಮೊದಲು ಕೇಳಿದರೆ ಚೆನ್ನಾಗಿರಲ್ಲ ಅಂತ ಅವರನ್ನೂ ಒಂದು ಮಾತು ಕೇಳಿದೆ" ಎಂದರು. ನಾನು ಒಲ್ಲೆ ಎಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ವಿಜಯಪುರದಿಂದ ಬೇರೊಬ್ಬರನ್ನು ಕಳಿಸುತ್ತಾರಂತೆ.

ಅಂದರೆ ಆವತ್ತು ಸಾಹೇಬರು ಕೇಳಿದ್ದೂ ಉಪಚಾರಕ್ಕೆ, ನೀವು ಬೇಡ ಎಂದದ್ದೂ ಉಪಚಾರಕ್ಕೆ. ಆ ಕೋಣೆಯಲ್ಲಿ ಮನಸ್ಸಿನಲ್ಲಿದ್ದ ಮಾತನ್ನು ಆಡಿದವಳು ನಾನೊಬ್ಬಳೇ. ನಿಮಗೆ ಇದನ್ನು ಓದಿ ನೋವಾಗುತ್ತದೆ. ನನಗೆ ಬರೆಯುವಾಗಲೇ ಆಗುತ್ತಿದೆ. ಆದರೂ ನೀವು ಕೊಡದೆ ಇದ್ದದ್ದನ್ನು ಕೊಟ್ಟಿರಿ ಎಂದು ನಾಲ್ಕು ಜನರೆದುರಿಗೆ ಹೇಳಲಾರೆ.

ನನ್ನನ್ನು ಯಾಕೆ ಆರಿಸಿದರು ಎಂದು ನೀವು ಕೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಅಂದುಕೊಳ್ಳುತ್ತೀರಿ. ಆಲಮೇಲದ ಬೀಗರು ಹೋದ ವರ್ಷ ಮದುವೆ ಬಸ್ತಾಕ್ಕೆ ನಮ್ಮ ಅಂಗಡಿಗೆ ಬಂದದ್ದು ನೆನಪಿದೆಯಲ್ಲ? ಟೆಂಪೋ ತುಂಬ ಬಂದು, ಎರಡೂ ಕಡೆಯವರ ಮದುವೆ ಜವಳಿಯೆಲ್ಲ ಒಂದೇ ದಿನ ಕೊಂಡವರು. ನೀವು ಸೀರೆ ಹಾಸಿ ಹಾಸಿ ಬೀಗಿತ್ತಿಯನ್ನು ಒಪ್ಪಿಸಿಬಿಟ್ಟಿದ್ದಿರಿ. ನಾನು ಮದುಮಗಳನ್ನು ಕನ್ನಡಿ ಹತ್ತಿರ ಕರೆದುಕೊಂಡು ಹೋಗಿ, "ನಿನಗ ಯಾವ್ದ ಬೇಕವ್ವಾ?" ಎಂದು ಕೇಳಿದೆ. ಆ ಹುಡುಗಿ ಬೇರೆಯದನ್ನು ತೋರಿಸಿತು. ಬೀಗಿತ್ತಿ ಸಿಟ್ಟಾಗಿ ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು, ನೀವು ನನ್ನನ್ನು ನುಂಗುವ ಹಾಗೆ ನೋಡಿದಿರಿ. ಸಂಜೆಗೆ ತಿರುಗಿ ಬಂದು ಹುಡುಗಿ ತೋರಿಸಿದ ಸೀರೆಯನ್ನೇ ಕೊಂಡರು. ಈ ವರ್ಷ ಅವರ ನೆಂಟರೆಲ್ಲ ಬಂದು ಭುವನಕ್ಕ ಎಲ್ಲಿ ಎಂದು ಕೇಳುತ್ತಾರೆ. ಇದನ್ನು ಹುಬ್ಬಳ್ಳಿಯವರು ಗಮನಿಸಿದ್ದಾರೆ, ನೀವು ಗಮನಿಸಲಿಲ್ಲ.

ಹೆದರಿಕೆ ಇಲ್ಲವೇ? ಇದೆ. ಅಂಗಡಿಯಲ್ಲಿ ನನಗಿಂತ ಹಿರಿಯರೇ ಹೆಚ್ಚು. ನಾನು ಹೇಳಿದ್ದಕ್ಕೆ ಆಯಿತು ಎಂದು ಅತ್ತ ತಿರುಗಿ ನಗುತ್ತಾರೆ. ನಗಲಿ. ಮೇಲಿನ ಮಹಡಿಯ ಹೆಣ್ಣುಮಕ್ಕಳ ಪಾಯಖಾನೆಯಲ್ಲಿ ಖಾಲಿ ಡಬ್ಬಗಳನ್ನು ಒಟ್ಟಿದ್ದಾರೆ, ಮೊದಲನೇ ದಿನ ಅದನ್ನು ತೆರವು ಮಾಡಿಸುತ್ತೇನೆ. ದಿನವಿಡೀ ನಿಲ್ಲುವ ಹುಡುಗಿಯರಿಗೆ ಕೂರಲು ಸ್ಟೂಲ್ ತರಿಸುತ್ತೇನೆ. ಮಕ್ಕಳ ಬಟ್ಟೆಯನ್ನು ಮೆಟ್ಟಿಲ ಕೆಳಗಿನ ಕತ್ತಲೆಯಿಂದ ಬಾಗಿಲ ಮುಂದೆ ತರುತ್ತೇನೆ. ಆ ಅಂಗಡಿಯನ್ನು ನಡೆಸಬೇಕೆಂಬ ಆಸೆ ನನಗೆ ಬಹಳ ಇದೆ. ಈಗಲೇ ಇದೆ. ಮುಂದೆ ಎಂದಾದರೂ ಕರೆದಾರು ಎಂದು ಕಾಯಲಾರೆ.

ಆದ್ದರಿಂದ ನಾಳೆ ಒಪ್ಪಿಗೆ ಬರೆದು ಕಳಿಸುತ್ತೇನೆ. ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ರವಿವಾರ ಬಾಗೇವಾಡಿಗೆ ಬರಲು ಆಗುವುದಿಲ್ಲ, ತುಳಸಿ ಲಗ್ನ ಮುಗಿದು ಮದುವೆಯ ಬಸ್ತಾಗಳು ಶುರುವಾಗಿವೆ. ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ, ಚಹಾ ಕುಡಿಸಿ ಕಳಿಸಿ.

ಇನ್ನೊಂದು ಮಾತು. ಬಸ್ತಾ ವಿಭಾಗಕ್ಕೆ ಒಬ್ಬ ಮುಖ್ಯಸ್ಥರನ್ನು ನಾನೇ ಹುಡುಕಬೇಕಂತೆ. ಬೀಗರನ್ನು ಕೂರಿಸಿ, ನಗಿಸಿ, ಏಳದಂತೆ ಮಾಡುವುದರಲ್ಲಿ ನಿಮ್ಮಂಥವರು ಈ ಸೀಮೆಯಲ್ಲಿ ಇಲ್ಲ. ಇದು ಉಪಚಾರದ ಮಾತಲ್ಲ. ಆದರೂ ನಿಮ್ಮ ಹೆಸರನ್ನು ನಾನಾಗಿ ಬರೆಯುವುದಿಲ್ಲ. ಬೇಕಾಗಿದ್ದರೆ ನನ್ನೆದುರಿಗೆ ನಿಂತು ಬೇಕು ಎಂದು ಹೇಳಿ. ಹೆಂಡತಿಯ ಕೈಕೆಳಗೆ ಆಗುವುದಿಲ್ಲ ಅನ್ನಿಸಿದರೆ ಅದನ್ನೂ ಬಾಯಿಬಿಟ್ಟು ಹೇಳಿ, ಇಂಡಿಗೆ ಕಳಿಸಲು ಚನ್ನಬಸಯ್ಯನವರ ಹತ್ತಿರ ಮಾತಾಡುತ್ತೇನೆ. ಎರಡಕ್ಕೂ ನನ್ನ ಮನಸ್ಸು ಸಿದ್ಧವಿದೆ. ಆದರೆ ತಲೆ ಕೆಳಗೆ ಹಾಕಿ "ನನಗ್ಯಾಕ್ರಿ" ಎಂದರೆ ಬೇಡ ಅಂತಲೇ ತಿಳಿದುಕೊಳ್ಳುತ್ತೇನೆ.

ಬೇಗ ಬನ್ನಿ.

ಇಂತಿ ನಿಮ್ಮವಳೇ ಆದ,
ಭುವನೇಶ್ವರಿ

ಮರೆತದ್ದು: ಅತ್ತೆಯವರು ಮಗಳ ಮನೆಗೆ ಹೋಗುತ್ತೇನೆಂದು ಸೋಮವಾರ ನಾಲತವಾಡದಲ್ಲಿ ಬಸ್ಸು ಹತ್ತಿದರಲ್ಲ, ಅವರು ಬಾಗೇವಾಡಿಯಲ್ಲಿ ಇಲ್ಲ. ಅಕ್ಕನಿಗೆ ಫೋನ್ ಮಾಡಿ ಗಾಬರಿ ಮಾಡಬೇಡಿ. ಇಲ್ಲಿ ನಮ್ಮ ಮನೆಯಲ್ಲಿದ್ದಾರೆ, ನನ್ನ ಪಕ್ಕದಲ್ಲೇ ಮೆಂತ್ಯೆಪಲ್ಲೆಯ ಎಲೆ ಬಿಡಿಸುತ್ತ ಕೂತಿದ್ದಾರೆ. ಕಾಗದವನ್ನೆಲ್ಲ ಓದಿಸಿಕೊಂಡು ಕೇಳಿದರು. ಸಾಹೇಬರ ಮಾತನ್ನು ತೆಗೆದುಬಿಡಲೇ ಎಂದರೆ ಇರಲಿ ಎಂದರು. ಅಲ್ಲಿ ನಿಮ್ಮ ಊಟದ ಗತಿ ಏನು ಎಂದು ನಾನು ಕೇಳಿದ್ದಕ್ಕೆ ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ: "ಅಂವಗ ಹಸಿವಾದ್ರ ತಾನ ಬಸ್ ಹತ್ತತಾನ. ನೀ ನಾಳಿ ಅಂಗಡಿಗಿ ತಡಾ ಮಾಡಬ್ಯಾಡ."