ಎಲೆಯಿಂದ ತೆಗೆದ ಹೋಳಿಗೆ

ಭಾಲ್ಕಿ
ಶ್ರಾವಣ ಶುದ್ಧ ಪಾಡ್ಯ, ಶುಕ್ರವಾರ
25 ಜುಲೈ 2025

ಪ್ರೀತಿಯ ತಂಗಿ ಮಂಜಿರಿಗೆ,

ಈ ಕಾಗದ ಓದುತ್ತೀಯೋ, ಹಾಗೇ ಮಡಚಿ ಇಡುತ್ತೀಯೋ ತಿಳಿಯದ ಅಕ್ಕ ಕುಮುದಿನಿಯ ಆಶೀರ್ವಾದ. ಪಾಂಡುರಂಗನ ದಯದಿಂದ ನಾನು, ನಿನ್ನ ಭಾವ ಇಬ್ಬರೂ ನೆಟ್ಟಗಿದ್ದೇವೆ. ನಿನ್ನ ಎಡಗಾಲಿನ ಹೆಬ್ಬೆರಳಿನ ಗಾಯ ಒಣಗಿತೇ? ಎರಡು ತಿಂಗಳಾದರೂ ಪಟ್ಟಿ ಬಿಚ್ಚಿಲ್ಲವೆಂದು ನಿನ್ನ ಯಜಮಾನರು ನಮ್ಮ ಮಕರಂದನಿಗೆ ಫೋನಿನಲ್ಲಿ ಹೇಳಿದರಂತೆ. ರಾತ್ರಿ ಉರಿಯುತ್ತದೆಯೋ, ಇಲ್ಲ ಏನೂ ಗೊತ್ತಾಗುವುದೇ ಇಲ್ಲವೋ? ಗೊತ್ತಾಗದಿದ್ದರೆ ಅದೇ ಹೆಚ್ಚಿನ ಚಿಂತೆ. ಇದನ್ನೆಲ್ಲ ಬಾಯಿಂದ ಕೇಳಬಹುದಿತ್ತು, ಆದರೆ ಐದು ತಿಂಗಳಿಂದ ನೀನು ನನ್ನ ಫೋನು ಎತ್ತಿಲ್ಲ. ಮಂಗಳವಾರದ ಪಂಚಮಿಗೆ ನಿನ್ನನ್ನು ತವರಿಗೆ, ಮೆಹಕರಕ್ಕೆ ಕರೆದೊಯ್ಯಲು ಮಕರಂದ ಔರಾದಿಗೆ ಬರುತ್ತಾನೆ. ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಬರುವುದಿಲ್ಲವೆಂದು ಅಣ್ಣನನ್ನು ಬಾಗಿಲಿನಿಂದಲೇ ತಿರುಗಿಸುವ ಮೊದಲು ಒಂದು ಸಲ ಓದು. ಏಳನೆ ಇಯತ್ತೆಯ ತನಕ ಶಾಲೆ ಕಲಿತವಳ ಅಕ್ಷರ, ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ಆ ದಿನದ ಮಾತನ್ನೇ ಮೊದಲು ಎತ್ತುತ್ತೇನೆ. ಸುತ್ತಿ ಬಳಸಿ ಬಂದರೆ ನಿನಗೆ ಸಿಟ್ಟು ಬರುತ್ತದೆ. ಅವ್ವನ ವರ್ಷದ ಶ್ರಾದ್ಧಕ್ಕೆ ಮೆಹಕರದ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಮಕರಂದನ ಹೆಂಡತಿ ನಿನ್ನ ಎಲೆಗೆ ಹೋಳಿಗೆ ಹಾಕಿ ಮುಂದೆ ಹೋದಳು. ನೀನು ತುಪ್ಪ ಬರಲೆಂದು ಕಾಯುತ್ತಿದ್ದೆ. ತುಪ್ಪದ ಗಿಂಡಿ ನನ್ನ ಕೈಯಲ್ಲಿತ್ತು. ನಾನು ಬಗ್ಗಿ, ತುಪ್ಪ ಬಡಿಸುವ ಬದಲು ಆ ಹೋಳಿಗೆಯನ್ನೇ ಎತ್ತಿಕೊಂಡೆ. ‘ಸಕ್ರಿ ಬ್ಯಾನಿ ಇದ್ದಾಕಿಗಿ ಇದು ಯಾರು ಹಾಕಿದ್ರು’ ಎಂದು ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದೆ. ನಿನ್ನ ನೆಗೆಣ್ಣಿ ಎದುರಿಗೇ ಕೂತಿದ್ದಳು. ಮಂಜಿರಿ, ಎಲೆಗೆ ಬಿದ್ದದ್ದನ್ನು ಯಾರೂ ತೆಗೆಯುವುದಿಲ್ಲ. ಮಡಿ, ಮುಸುರೆ, ಎಂಜಲು ಎಂದು ದಿನವಿಡೀ ಹೇಳುವ ನಾನೇ ಉಣ್ಣುತ್ತಿದ್ದವಳ ಎಲೆಗೆ ಕೈ ಹಾಕಿದೆ. ನೀನು ಜಗಳವಾಡಲಿಲ್ಲ. ಎಲೆ ಮಡಚಿದೆ, ಎದ್ದೆ. ‘ತವರುಮನ್ಯಾಗ ನನ್ನ ಎಲಿ ಮ್ಯಾಗಿನ ತುತ್ತು ಕಸಗೊಂಡಿ ಅಕ್ಕಾ. ಈ ಹೊಸ್ತಿಲ ಇನ್ನ ನನಗ ಸಾಕು’ ಎಂದು ಹೇಳಿ ಸೆರಗು ಕೊಡವಿಕೊಂಡು ಹೋದೆ.

ಆಗ ನಾನೇ ಸರಿ ಎನ್ನಿಸಿತ್ತು. ಅವ್ವನ ಕಾಲು ನನ್ನ ಕಣ್ಣ ಮುಂದೆ ಇತ್ತು. ಮೊದಲು ಒಂದು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ. ಬೀದರ ದವಾಖಾನೆಯಿಂದ ಮನೆಗೆ ಬಂದ ಮೇಲೆ ಇಲ್ಲದ ಕಾಲನ್ನು ತುರಿಸು ಎಂದು ಅವಳು ನಮ್ಮಿಬ್ಬರಿಗೂ ಹೇಳುತ್ತಿದ್ದಳಲ್ಲ, ನಾವು ಬರಿ ಹಾಸಿಗೆಯನ್ನು ತುರಿಸುತ್ತಿದ್ದೆವಲ್ಲ. ನಿನಗೂ ಹಾಗಾಗಬಾರದೆಂದೇ ತೆಗೆದೆ, ತಂಗಿಯಲ್ಲವೇ, ಅವಳಿಗೆ ಇವತ್ತು ಸಿಟ್ಟು ಬಂದರೆ ನಾಳೆ ಇಳಿಯುತ್ತದೆ ಅಂದುಕೊಂಡೆ. ಐದು ತಿಂಗಳು ಹಾಗೇ ಅಂದುಕೊಳ್ಳುತ್ತ ಇದ್ದೆ. ಹೋದ ಸೋಮವಾರ ನಡೆದದ್ದನ್ನು ಕೇಳು, ಯಾಕೆ ಈಗ ಬರೆಯುತ್ತಿದ್ದೇನೆಂದು ನಿನಗೇ ತಿಳಿಯುತ್ತದೆ.

ನೀನು ನಗೆಮಾಡಿ ‘ಸಕ್ರಿ ಸಂಘ’ ಅನ್ನುತ್ತಿದ್ದ ನಮ್ಮ ಗುಂಪು ಗೊತ್ತಲ್ಲ. ಗಂಜ್ ಪೇಟೆಯ ಹಿಂದಿನ ಕೋಣೆಯಲ್ಲಿ ಸೋಮವಾರಕ್ಕೊಮ್ಮೆ ಇಪ್ಪತ್ತೆರಡು ಹೆಂಗಸರು ಸೇರುತ್ತೇವೆ. ಎಲ್ಲರಿಗೂ ಸಕ್ಕರೆ, ಕೆಲವರಿಗೆ ಬಿ.ಪಿ. ಕೂಡ. ನಡೆಸುವವನು ದತ್ತಾತ್ರಿ ಎಂಬ ನಮ್ಮ ಊರಿನ ಹುಡುಗನೇ, ಮೂವತ್ತೈದರವನು, ಅವನಿಗೂ ಎಳವೆಯಿಂದ ಸಕ್ಕರೆ ಇದೆ. ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ನಮ್ಮ ಬೆರಳು ನಾವೇ ಚುಚ್ಚಿಕೊಂಡು ಮಶೀನಿನಲ್ಲಿ ನೋಡುತ್ತೇವೆ, ನಮ್ಮ ವಹಿಯಲ್ಲಿ ನಾವೇ ಬರೆಯುತ್ತೇವೆ, ಹೋದ ವಾರ ಏನು ತಿಂದೆವು, ಏನು ಸಾಧಿಸಲಿಲ್ಲ ಎಂದು ಹೇಳಿಕೊಂಡು ನಗುತ್ತೇವೆ. ಕಡೆಗೆ ಒಬ್ಬರ ಅಂಗಾಲನ್ನು ಇನ್ನೊಬ್ಬರು ತೊಡೆಯ ಮೇಲಿಟ್ಟುಕೊಂಡು ಬೆರಳಿನ ಸಂದಿಯೆಲ್ಲ ನೋಡುತ್ತೇವೆ, ಯಾಕೆಂದರೆ ನಮ್ಮ ಅಂಗಾಲು ನಮಗೆ ಕಾಣುವುದಿಲ್ಲ. ಮೊದಲ ವಾರ ನನಗೆ ಬಂದದ್ದು ಭೀಮನಗರದ ಶಾಲುಬಾಯಿಯ ಕಾಲು. ನಿನಗೆ ಸುಳ್ಳು ಯಾಕೆ ಹೇಳಲಿ, ಅವತ್ತು ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡೆ. ಮೂರನೆಯ ವಾರ ನನ್ನ ಹಿಮ್ಮಡಿಯಲ್ಲಿ ಹೊಕ್ಕಿದ್ದ ಜಾಲಿ ಮುಳ್ಳನ್ನು ಅವಳೇ ಕಂಡು ಹಿಡಿದಳು. ನನಗೆ ಅದು ಚುಚ್ಚಿದ್ದೇ ಗೊತ್ತಿರಲಿಲ್ಲ. ಅವತ್ತಿನಿಂದ ನೀರು ಹಾಕಿಕೊಳ್ಳುವುದು ಬಿಟ್ಟೆ. ದೇವರು ಏನೂ ಅನ್ನಲಿಲ್ಲ.

ಆ ಗುಂಪಿಗೆ ಒಂದೇ ಕಟ್ಟಳೆ. ಮೊದಲ ದಿನವೇ ದತ್ತಾತ್ರಿ ಹೇಳಿದ್ದ: ‘ತಾಟು ಅವರವರದ ರೀ. ನೋಡ್ರಿ, ಕೇಳ್ರಿ, ಕೈ ಮಾತ್ರ ಹಾಕಬ್ಯಾಡ್ರಿ.’ ಗುಂಪಿನಲ್ಲಿ ಆ ಮಾತನ್ನು ನಡೆಸಿದೆ. ಮೆಹಕರದ ಪಂಕ್ತಿಯಲ್ಲಿ ನಡೆಸಲಿಲ್ಲ.

ಈ ಖರ್ಚನ್ನೆಲ್ಲ ಕೊಡುವುದು ಪುಣೆಯ ಒಂದು ಟ್ರಸ್ಟು. ಮಶೀನಿಗೆ ಹಾಕುವ ಪಟ್ಟಿ, ದತ್ತಾತ್ರಿಯ ಪಗಾರ, ತಿಂಗಳಿಗೊಮ್ಮೆ ಕಾಲು ನೋಡಲು ಬೀದರದಿಂದ ಬರುವ ಡಾಕ್ಟರು, ಎಲ್ಲ ಅವರದೇ. ಮೂರು ವರ್ಷದ್ದು ಬರುವ ತಿಂಗಳು ಮುಗಿಯುತ್ತದೆ. ಮುಂದೆ ಕೊಡುವುದೋ ಬಿಡುವುದೋ ನೋಡಿ ಹೇಳಲು ಗಾರ್ಗಿ ಎಂಬ ಮೇಡಂ ಒಬ್ಬರು ಸೋಮವಾರ ಬರುತ್ತಾರೆಂದು ಗೊತ್ತಾಯಿತು. ಪಂಚಾಂಗ ನೋಡಿದರೆ ಅವತ್ತೇ ಏಕಾದಶಿ. ನನಗೆ ಅದು ಪಾಂಡುರಂಗನೇ ಕೊಟ್ಟ ಸೂಚನೆ ಅನ್ನಿಸಿತು. ‘ಏಕಾದಶಿ, ದುಪ್ಪಟ ಖಾಶಿ’ ಎಂದು ಮರಾಠಿಯಲ್ಲಿ ನಗುತ್ತಾರಲ್ಲ, ಹಾಗೆ ಸಾಬುದಾಣಿ, ಶೇಂಗಾ ಎಂದು ಎರಡು ಪಟ್ಟು ತಿನ್ನುವ ಉಪವಾಸ ಬೇಡ, ಒಂದು ತುಳಸಿ ಎಲೆಯ ಹೊರತು ಏನೂ ಮುಟ್ಟುವುದು ಬೇಡ, ಗುಂಪು ಉಳಿಯಲೆಂದು ಬೇಡಿಕೊಳ್ಳೋಣ ಎಂದು ಹಿಂದಿನ ವಾರ ಮನೆಗೆ ಬರುವ ದಾರಿಯಲ್ಲಿ ಐದಾರು ಮಂದಿಗೆ ಹೇಳಿದೆ. ದತ್ತಾತ್ರಿಗೆ ಹೇಳಲಿಲ್ಲ. ಬೈಯುತ್ತಾನೆಂದು ಗೊತ್ತಿತ್ತು. ಮೇಲಿಂದ ನನ್ನ ಶಾಣ್ಯಾತನ ಒಂದು ಸೇರಿಸಿದೆ: ‘ಗುಳಿಗಿ, ಸೂಜಿ ಬಿಡಬ್ಯಾಡ್ರಿ. ಊಟ ಅಷ್ಟ ಬಿಡ್ರಿ. ಮೇಡಂ ಮುಂದ ನಂಬರ ಚಲೋ ಬರಬೇಕು.’ ಮೂರು ವರ್ಷ ನಮಗೆ ಕಲಿಸಿದ್ದು ಇದಕ್ಕೆ ತಿರುಗಾಮುರುಗಾ, ಸೂಜಿ ಚುಚ್ಚಿಕೊಂಡ ಮೇಲೆ ಉಣ್ಣದೆ ಇರಬಾರದೆಂದು. ನನಗದು ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಗೊತ್ತಿತ್ತು. ದೇವರ ಕೆಲಸಕ್ಕೆ ಹೊರಟಾಗ ಅದು ಲೆಕ್ಕಕ್ಕೆ ಬರುವುದಿಲ್ಲ ಅಂದುಕೊಂಡಿದ್ದೆ.

ಮೇಡಂ ಹನ್ನೊಂದಕ್ಕೆ ಬಂದರು. ನಿನ್ನ ವಯಸ್ಸಿಗಿಂತ ಸಣ್ಣವರು, ಚಾಪೆಯ ಮೇಲೇ ಕೂತರು. ವಹಿ ನೋಡಿದರು, ಒಬ್ಬೊಬ್ಬರನ್ನೂ ಮಾತಾಡಿಸಿದರು. ನನಗೆ ಆಗಲೇ ಬೆರಳು ನಡುಗುತ್ತಿತ್ತು, ಅಂಜಿಕೆಗೆ ಎಂದು ಸುಮ್ಮನಿದ್ದೆ. ಶಾಲುಬಾಯಿಯ ಸರದಿ ಬಂತು. ಶಾಲುಬಾಯಿ ಎಂದರೆ ಇರುವೆಗೂ ಜೋರಾಗಿ ಮಾತಾಡದವಳು. ಮೇಡಂ ಏನೋ ಕೇಳಿದ್ದಕ್ಕೆ ಅವಳು ಅವರ ಕೈಯಿಂದ ವಹಿ ಕಸಿದುಕೊಂಡು, ‘ನೀ ಯಾರ ನನಗ ಕೇಳಾಕಿ, ಏಳು ಇಲ್ಲಿಂದ’ ಎಂದುಬಿಟ್ಟಳು. ಮೇಡಂ ನಿಜವಾಗಿಯೂ ಏಳಲು ಹೊರಟರು. ಆಗ ಕುಬರಾ, ಅದೇ ಬಳೆ ಅಂಗಡಿಯ ಕುಬರಾ, ಒಂದು ಕೈಯಿಂದ ಮೇಡಮ್ಮನ್ನು ಕೂಡಿಸಿ ಇನ್ನೊಂದು ಕೈಯಿಂದ ಶಾಲುಬಾಯಿಯ ಕುತ್ತಿಗೆ ಮುಟ್ಟಿ ನೋಡಿದಳು. ‘ಈಕಿ ಬಯ್ಯಾಕಿ ಅಲ್ಲ. ಮೈ ನೋಡ್ರಿ, ನೀರಾಗ್ಯದ. ಸಕ್ರಿ ಬಿದ್ದದ, ಡಬ್ಬಿ ತರ್ರಿ’ ಅಂದಳು.

ಸಕ್ಕರೆ ಸಂಘದಲ್ಲಿ ಸಕ್ಕರೆಯ ಡಬ್ಬಿ ಎಂದು ನೀನು ನಗಬಹುದು. ಇಂಥ ಗಳಿಗೆಗೆಂದೇ ಗೂಡಿನಲ್ಲಿ ಒಂದು ಇಡುತ್ತೇವೆ. ಮಶೀನಿನಲ್ಲಿ ನೋಡಿದರೆ ನಲವತ್ತೆಂಟು. ಒಬ್ಬಳು ಮೂರು ಚಮಚೆ ಸಕ್ಕರೆ ನೀರಿಗೆ ಕಲಸಿದಳು, ಒಬ್ಬಳು ತಲೆ ಹಿಡಿದಳು, ಒಬ್ಬಳು ಗೋಡೆಯ ಗಡಿಯಾರ ನೋಡುತ್ತ ನಿಂತಳು. ಯಾರೂ ಕೂಗಾಡಲಿಲ್ಲ, ದತ್ತಾತ್ರಿಯ ಮುಖವನ್ನೂ ನೋಡಲಿಲ್ಲ. ಹದಿನೈದು ಮಿನಿಟಿಗೆ ಮತ್ತೆ ಚುಚ್ಚಿದಾಗ ಎಂಬತ್ತಾರು. ಶಾಲುಬಾಯಿ ಕಣ್ಣು ಪಿಳಿಪಿಳಿ ಮಾಡಿ, ‘ನಾ ಏನರ ಅಂದ್ನ್ಯಾ’ ಎಂದು ಕೇಳಿದಳು. ‘ಮೇಡಮ್ಮಗ ಪುಣಾ ಗಾಡಿ ಹತ್ತಿಸ್ಲಿಕತ್ತಿದ್ದಿ’ ಎಂದಳು ಕುಬರಾ.

ಆಮೇಲೆ ಮೇಡಂ ಕೇಳಿಯೇ ಕೇಳಿದರು, ಸೂಜಿ ತೆಗೆದುಕೊಂಡು ಇವರು ಯಾಕೆ ಉಂಡಿಲ್ಲವೆಂದು. ಶಾಲುಬಾಯಿ ಸೀರೆಯ ಅಂಚು ನೋಡುತ್ತ ಮರೆತೆ ಅಂದಳು. ನನ್ನ ಹೆಸರು ಹೇಳಲಿಲ್ಲ. ಮಂಜಿರಿ, ನಾನು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಹೇಳಿದರೆ ಟ್ರಸ್ಟಿನವರು ಇವರಿಗೆ ಮೂರು ವರ್ಷ ಕಲಿಸಿದ್ದು ನೀರಿಗೆ ಹೋಯಿತೆಂದು ಎದ್ದು ಹೋಗುವವರು. ಇಪ್ಪತ್ತೆರಡು ಮಂದಿಯ ಗುಂಪು ನನ್ನ ಬಾಯಿಂದ ಮುಚ್ಚುವುದು. ಆದರೂ ಏಕಾದಶಿಯ ದಿನ ಬಾಯಲ್ಲಿ ತುಳಸಿ ಹಾಕಿಕೊಂಡು ಸುಳ್ಳಿನ ಪಕ್ಕದಲ್ಲಿ ಕೂತಿರಲು ಆಗಲಿಲ್ಲ. ‘ನಾನ ಹೇಳಿದ್ದೆ ರೀ. ಊಟ ಬಿಡ್ರಿ, ಸೂಜಿ ಬಿಡಬ್ಯಾಡ್ರಿ ಅಂತ ನಾನ ಹೇಳಿದ್ದೆ’ ಅಂದೆ. ಮೇಡಂ ಅದನ್ನು ಬರೆದುಕೊಂಡರು. ಕುಬರಾ ನನ್ನ ಕಡೆ ತಿರುಗಿದಳು. ‘ರೋಜಾ ಬರೂಕಿಂತ ಒಂದ ತಿಂಗಳ ಮೊದಲ ನಾ ಡಾಕ್ಟರಗ ಕೇಳಿ ಗುಳಿಗಿ ಹೊತ್ತು ಬದಲಿಸ್ತೇನಿ, ಕುಮುದಬಾಯಿ. ಅಲ್ಲಾಹ ಏನು ಸಿಟ್ಟಾಗಂಗಿಲ್ಲ. ನಿಮ್ಮ ದೇವರ ಅಷ್ಟ ಬಿರುಸ ಅದಾನೇನು?’ ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ನನ್ನ ಕೈ ನೋಡಿ, ನನ್ನ ಬೆರಳನ್ನೂ ಚುಚ್ಚಿಸಿ, ನನಗೂ ಸಕ್ಕರೆ ನೀರು ಕುಡಿಸಿದರು. ವ್ರತ ಅಲ್ಲಿಗೆ ಮುಗಿಯಿತು.

ಸಂಜೆ ಶಾಲುಬಾಯಿಯನ್ನು ಅವಳ ಓಣಿಯ ತನಕ ಬಿಟ್ಟು ಬರಲು ಹೋದೆ. ನಮ್ಮ ದೇವರಿಗೆ ನೀನು ಯಾಕೆ ಉಪವಾಸ ಹಿಡಿದೆ ಎಂದು ಕೇಳಿದೆ. ಅವಳ ಮನೆಯಲ್ಲಿ ಬುದ್ಧವಂದನೆಯಷ್ಟೇ, ಏಕಾದಶಿ ಇಲ್ಲ. ‘ದೇವರಿಗೆ ಅಲ್ರಿ, ನಿಮ್ಮ ಸಲುವಾಗಿ. ಮೂರು ವರ್ಷ ನನ್ನ ಕಾಲು ತೊಡಿ ಮ್ಯಾಲ ಇಟ್ಟುಕೊಂಡೀರಿ. ನೀವು ಹೇಳಿದ್ದಕ್ಕ ಒಲ್ಲೆ ಅಂತ ಹ್ಯಾಂಗ ಅನ್ಲಿ’ ಅಂದಳು. ನಾಲ್ಕು ಹೆಜ್ಜೆ ನಡೆದು ಮತ್ತೆ ಹೇಳಿದಳು: ‘ಖರೇ ಹೇಳ್ಲೇನ್ರಿ? ಬ್ಯಾರೆ ಮಂದಿ ತಾಟಿನಾಗಿಂದು ಕಸಗೋತಾರ. ನೀವು ದೇವರ ಹೆಸರಲೆ ತಾಟ ಎತ್ತಿಟ್ರಿ. ಹಸಿವಿ ಎರಡೂ ಕಡಿ ನಂದ.’ ಬೈದು ಹೇಳಲಿಲ್ಲ, ಅವಳ ಸಕ್ಕರೆ ಆಗ ಸರಿಯಾಗಿಯೇ ಇತ್ತು. ನಾನು ಅವರ ಓಣಿಯ ನಳದ ಹತ್ತಿರ ನಿಂತುಬಿಟ್ಟೆ. ನಿನ್ನ ಎಲೆ ನೆನಪಾಯಿತು. ತುಪ್ಪಕ್ಕೆಂದು ನೀನು ಹೋಳಿಗೆಯ ಮೇಲೆ ಬೆರಳಿನಿಂದ ಸಣ್ಣ ತಗ್ಗು ಮಾಡಿದ್ದೆ, ಚಿಕ್ಕಂದಿನಿಂದ ಮಾಡುವ ಹಾಗೆ. ಅದೂ ನೆನಪಾಯಿತು.

ಅವ್ವನಿಂದ ನಾವು ಎಲ್ಲವನ್ನೂ ಕಸಿದಿದ್ದೆವು. ಬೆಲ್ಲದ ಡಬ್ಬಿಗೆ ಕೀಲಿ ಹಾಕಿದೆವು. ಅವಳು ನೆರೆಮನೆಗೆ ಹೋಗಿ ಕದ್ದು ತಿಂದಳು, ಗಾಯವಾದಾಗ ಬೈಯುತ್ತೇವೆಂದು ತಿಂಗಳೊಪ್ಪತ್ತು ಮುಚ್ಚಿಟ್ಟಳು. ಅವಳ ಕಾಲು ಹೋದದ್ದು ಬೆಲ್ಲದಿಂದ ಎಷ್ಟೋ, ನಮ್ಮ ಅಂಜಿಕೆಯಿಂದ ಎಷ್ಟೋ, ದೇವರಿಗೇ ಗೊತ್ತು. ಈಗ ನೀನು ನನ್ನಿಂದ ಗಾಯ ಮುಚ್ಚಿಡುತ್ತಿದ್ದೀಯಲ್ಲ, ಅದನ್ನು ಕಲಿಸಿದವಳು ನಾನೇ. ತಪ್ಪಾಯಿತು ಮಂಜಿರಿ. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂಬ ಮಾತನ್ನು ಇದರ ಹಿಂದೆ ಜೋಡಿಸುವುದಿಲ್ಲ.

ಪಂಚಮಿಗೆ ಬಾ. ನಾನು ಸೋಮವಾರ ಗುಂಪು ಮುಗಿಸಿ ಸಂಜೆಗೇ ಮೆಹಕರಕ್ಕೆ ಹೋಗಿರುತ್ತೇನೆ. ನಾನಿದ್ದರೆ ಬರುವುದಿಲ್ಲ ಎಂದಾದರೆ ಮಕರಂದನ ಮುಂದೆ ಹೇಳು. ನಾನು ಭಾಲ್ಕಿಯಲ್ಲೇ ನಾಗಪ್ಪನಿಗೆ ಹಾಲೆರೆಯುತ್ತೇನೆ. ತವರುಮನೆ ನನ್ನೊಬ್ಬಳದಲ್ಲ. ಬಂದರೆ ನಿನ್ನ ಪಾದ ಒಂದು ಸಲ ನನ್ನ ತೊಡೆಯ ಮೇಲಿಡು, ನೋಡುತ್ತೇನೆ, ಏನೂ ಅನ್ನುವುದಿಲ್ಲ. ಬೇಡವಾದರೆ ಅದೂ ಬೇಡ.

ನಿನ್ನ ಯಜಮಾನರಿಗೆ ನಮ್ಮಿಬ್ಬರ ನಮಸ್ಕಾರ, ಮಕ್ಕಳ ತಲೆಯ ಮೇಲೆ ನನ್ನ ಕೈ ಇದೆ ಅಂದುಕೋ. ಬರಿಗಾಲಿನಲ್ಲಿ ಅಂಗಳಕ್ಕೆ ಇಳಿಯಬೇಡ ಎಂದು ಬರೆಯಲು ಹೊರಟಿದ್ದೆ, ಬರೆಯುವುದಿಲ್ಲ. ಪಾಂಡುರಂಗ ನಿನ್ನ ಕಾಲ ಹತ್ತಿರ ಇರಲಿ.

ನಿನ್ನ ಅಕ್ಕ,
ಕುಮುದಿನಿ

ತಾ.ಕ.: ಶನಿವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಮಕರಂದ ಬಾಗಿಲಲ್ಲಿ ನಿಂತಿದ್ದಾನೆ. ದತ್ತಾತ್ರಿಯ ಫೋನು ಬಂತು. ಟ್ರಸ್ಟಿನವರು ಇನ್ನೂ ಎರಡು ವರ್ಷ ಕೊಡುತ್ತಾರಂತೆ, ಕಾಗದ ಆಮೇಲೆ ಬರುತ್ತದೆ. ಶಾಲುಬಾಯಿಯ ಸಕ್ಕರೆ ಬಿದ್ದದ್ದನ್ನೂ ನಾವು ಏರಿಸಿದ್ದನ್ನೂ ಮೇಡಂ ಎರಡೂ ಬರೆದಿದ್ದಾರಂತೆ. ಉಪವಾಸ ಹ್ಯಾಗೆ ಮಾಡಬೇಕೆಂದು ಕುಬರಾಳೇ ನಮಗೆ ಒಂದು ಸೋಮವಾರ ಹೇಳಿಕೊಡಬೇಕಂತೆ, ಅವಳ ಹುಬ್ಬು ಈಗ ಮುಗಿಲಿಗೆ ಹೋಗಿದೆ. ಇನ್ನೊಂದು ಮಾತು. ಔರಾದಿನಲ್ಲೂ ಇಂಥದೊಂದು ಗುಂಪು ಹೂಡುತ್ತಾರಂತೆ, ವಹಿ ಹಿಡಿಯಲು ಸಕ್ಕರೆ ಇದ್ದವರೇ ಒಬ್ಬರು ಬೇಕು, ಯಾರಾದರೂ ಇದ್ದಾರೇನು ಎಂದು ದತ್ತಾತ್ರಿ ಕೇಳಿದ. ಮೊದಲಿನ ಕುಮುದಿನಿಯಾದರೆ ಅಲ್ಲೇ ನಿನ್ನ ಹೆಸರು ಕೊಟ್ಟುಬಿಡುತ್ತಿದ್ದಳು. ನಾನು ಕೊಟ್ಟಿಲ್ಲ, ಕೇಳಿ ಹೇಳುತ್ತೇನೆ ಅಂದೆ. ಕೇಳುತ್ತಿದ್ದೇನೆ. ಪಂಚಮಿಯ ಉಂಡಿ ಕಟ್ಟಿ ಅವ್ವನ ಅದೇ ಬೆಲ್ಲದ ಹಿತ್ತಾಳೆ ಡಬ್ಬಿಯಲ್ಲಿ ತುಂಬಿದ್ದೇನೆ. ಕೀಲಿ ಹಾಕಿಲ್ಲ. ಎಷ್ಟು ತೆಗೆದುಕೊಳ್ಳುತ್ತೀಯೋ ನೀನೇ ತೆಗೆದುಕೋ.