ಚಿತ್ರದ ಕೆಳಗಿನ ಹೆಸರು

೧೪ ನವೆಂಬರ್, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ಸಮುದಾಯ ಭವನದ ಗೋಡೆಯ ಮೇಲೆ ನಾನು ಬರೆಯುತ್ತಿದ್ದ ತೋಟದ ಚಿತ್ರ ಇವತ್ತು ಮುಗಿಯಿತು. ಸುಣ್ಣ ಬಳಿದವರಿಗೆ, ನಿಂತು ಬರೆಯಲು ಸಾರ್ವೆ ಕಟ್ಟಿದವರಿಗೆ ಭವನ ಸಮಿತಿಯ ಅಧ್ಯಕ್ಷ ರೇಣುಕಪ್ರಸಾದ್ ಅಲ್ಲೇ ಕೂಲಿ ಕೊಟ್ಟರು. ನನ್ನದನ್ನು ಕೇಳಿದೆ.

“ನೀನು ಕಲಾವಿದೆ ಕಣಮ್ಮ. ನಿನ್ನ ಕೂಲಿಯೋರ ಜೊತೆ ಸೇರ್ಸಕಾಯ್ತದಾ? ಊರೆಲ್ಲ ನಿನ್ನ ಹೊಗಳ್ತದೆ ಬುಡು,” ಅಂದರು.

ಆಮೇಲೆ ಚಿತ್ರದ ಕೆಳಗೆ ದಾನಿ ಎಂದು ತಮ್ಮ ಹೆಸರು ಬರೆಯಲು ಹೇಳಿದರು. ನನ್ನ ಹೆಸರಿಗೆಂದು ಬಿಟ್ಟುಕೊಂಡಿದ್ದ ಜಾಗ ಅದು. ಆಗಲ್ಲ ಅನ್ನಬೇಕಿತ್ತು. ಬಿಳಿಗೆರೆಯಲ್ಲಿ ಅವರು ಕಟ್ಟಿಸುತ್ತಿರುವ ಛತ್ರದ ಕೆಲಸವೂ ಕೈತಪ್ಪೀತೆಂದು ಬಾಯಿ ಮುಚ್ಚಿಕೊಂಡು ಬರೆದೆ. ಅಕ್ಷರಗಳು ಎಷ್ಟು ಚೆನ್ನಾಗಿ ಬಂದಿವೆಯೆಂದರೆ, ಮುಂದಿನ ರಸ್ತೆಯಲ್ಲಿ ಹಾದುಹೋಗುವ ಶೆಟ್ಟಿಕೆರೆ ಬಸ್ಸಿನಲ್ಲಿ ಕೂತವರೂ ಓದಬಹುದು. ಆ ಹೊತ್ತಿಗೆ ಈ ಕೈಯಾದರೂ ಸ್ವಲ್ಪ ನಡುಗಬಾರದಿತ್ತೇ...