ಮೆಟ್ಟಿಲ ಮೇಲೆ ಕಾದ ಒಂದು ಗಂಟೆ

ಮಂಗಳವಾರ, ಹತ್ತನೇ ತಾರೀಕು

ನನ್ನ ದೊಡ್ಡ ಮೊಮ್ಮಗಳೇ,

ಹೇಗಿದ್ದೀಯಮ್ಮ? ಅಳಿಯಂದಿರ ಸೊಂಟನೋವು ಇಳಿಯಿತಾ? ಗುಂಡನ ಮುಂದಿನ ಹಲ್ಲು ಬಿದ್ದಿದೆಯಂತೆ, ಈಗ ‘ಸ’ ಅನ್ನಲು ಹೋದರೆ ಬರೀ ಗಾಳಿ ಬರುತ್ತದೋ? ಇಲ್ಲಿ ನನ್ನ ಮಂಡಿ ಬಿಟ್ಟರೆ ಉಳಿದದ್ದೆಲ್ಲ ಸರಿ. ನಮ್ಮ ಓಟಗಾರ್ತಿ, ನಿನ್ನ ತಂಗಿ, ಪಕ್ಕದಲ್ಲೇ ಕೂತಿದ್ದಾಳೆ. ಅಕ್ಕನನ್ನು ಕೇಳಿದೆ ಅಂತ ಬರಿ ಅನ್ನುತ್ತಿದ್ದಾಳೆ.

ವಿಷಯಕ್ಕೆ ಬರುತ್ತೇನೆ. ಆಟಗಾರರು ಮದ್ದು ಗಿದ್ದು ತಗೊಂಡಿದ್ದಾರಾ ಅಂತ ನೋಡುವ, ನೀನು ಕೆಲಸ ಮಾಡುವ ಐದು ದೇಶಗಳ ಜಂಟಿ ಕಚೇರಿಯಿಂದ ಕಳೆದ ಗುರುವಾರ ಇಬ್ಬರು ಹೆಂಗಸರು ಬಂದಿದ್ದರು. ತಮ್ಮವರನ್ನು ತಾವೇ ಪರೀಕ್ಷೆ ಮಾಡಿದರೆ ಮುಲಾಜು ಬರುತ್ತದೆ, ಅದಕ್ಕೆ ಪಕ್ಕದ ದೇಶದವರನ್ನು ಕಳಿಸುತ್ತೇವೆ ಅಂತ ನೀನೇ ಹೇಳಿದ್ದೆಯಲ್ಲ, ಹಾಗೆ. ದಿನಾ ಬೆಳಿಗ್ಗೆ ಆರರಿಂದ ಏಳರವರೆಗೆ ಮನೆಯಲ್ಲೇ ಸಿಗುತ್ತೇನೆ ಅಂತ ಇವಳು ಬರೆದುಕೊಟ್ಟಿದ್ದಾಳೆ. ಆರಕ್ಕೆ ಸರಿಯಾಗಿ ಬೆಲ್ ಆಯಿತು. ನಮ್ಮ ಮಾತು ಅವರಿಗೆ ಅರೆಬರೆ. ಮೂತ್ರದ ಮಾದರಿ ಬೇಕು, ಹುಡುಗಿ ಎಲ್ಲಿ ಅಂದರು. ಇವಳು ಜ್ವರದಿಂದ ಒಳಗೆ ಮಲಗಿದ್ದಳು. ಎಬ್ಬಿಸಲು ಮನಸ್ಸು ಬರದೆ ಮನೆಯಲ್ಲಿಲ್ಲ ಅಂದುಬಿಟ್ಟೆ.

ಹೋಗುತ್ತಾರೆ ಅಂದುಕೊಂಡೆ. ಎಲ್ಲಿ! ಪೂರ್ತಿ ಒಂದು ಗಂಟೆ ಕಾಯಬೇಕಂತೆ. ಬಾಟಲಿಗಳ ಚೀಲ ತೊಡೆಯ ಮೇಲಿಟ್ಟುಕೊಂಡು ನಮ್ಮ ಮೆಟ್ಟಿಲ ಮೇಲೇ ಕೂತರು. ಹತ್ತು ನಿಮಿಷಕ್ಕೊಮ್ಮೆ ಬೆಲ್. ಪ್ರತಿ ಸಲವೂ ನಾನು ಹೋಗಿ ಇಲ್ಲ ಅನ್ನುವುದು. ಟೀ ಕೊಡಲಾ ಅಂದರೆ ಅದೂ ಬೇಡ. ಮೇಲಿನ ಮನೆಯ ಮೇಷ್ಟ್ರು ಹಾಲು ತರಲು ಇಳಿಯುತ್ತಾ, ಏನಜ್ಜಿ, ಮನೆ ಜಪ್ತಿಗೆ ಬಂದಿದ್ದಾರಾ ಅಂತ ಹಲ್ಲು ಕಿರಿದರು. ಮನೆಯಲ್ಲ, ನಿಮ್ಮ ನಾಲಿಗೆ ಜಪ್ತಿಗೆ ಅಂದೆ. ಅಂದೆನೇ ಹೊರತು ನನ್ನ ನಾಲಿಗೆಯೇ ಒಣಗಿಹೋಗಿತ್ತು. ಏಳು ಹೊಡೆದಾಗ ಆ ಇಬ್ಬರಲ್ಲಿ ಚಿಕ್ಕವಳು ಏನೋ ಬರೆದುಕೊಂಡು, ನನ್ನ ಮುಖವನ್ನು ಒಂದು ಸಲ ನೋಡಿ ಇಳಿದು ಹೋದಳು.

ವರ್ಷದಲ್ಲಿ ಇದು ಮೂರನೆಯ ಗೈರು. ಹಿಂದಿನ ಎರಡು ಸಲ ಬೇರೆ ಊರಿಗೆ ಹೋದಾಗ ಕಚೇರಿಗೆ ಕೊಟ್ಟ ವಿಳಾಸ ಬದಲಿಸಲು ಮರೆತಿದ್ದಳು. ಮೂರಾದರೆ ಎರಡು ವರ್ಷ ಯಾವ ದೇಶದಲ್ಲೂ ಓಡುವಂತಿಲ್ಲವಂತೆ. ತಪ್ಪು ಈ ಮುದುಕಿಯದು. ಈ ಕಾಗದವನ್ನೇ ನಿಮ್ಮ ಮೇಲಿನವರಿಗೆ ತೋರಿಸು. ಅವಳ ಕಾಲು ಕಟ್ಟಿಹಾಕಬೇಡಿ.

ಇಂತಿ,
ನಿನ್ನ ಅಜ್ಜಿ

ಮತ್ತೆ: ಇದನ್ನು ಅಂಚೆ ಕಚೇರಿಯ ಮೇಜಿನ ಮೇಲೆ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಮೇಲಿನದನ್ನು ಅವಳೇ ಹೇಳಿ ಬರೆಸಿದಳು. ಜ್ವರ ಗಿರ ಏನೂ ಇರಲಿಲ್ಲ. ಬಾಗಿಲ ಹಿಂದೆ ನಿಂತು, ಇಲ್ಲ ಅನ್ನಜ್ಜಿ, ನನ್ನಾಣೆ ಅಂದಳು. ಅವರು ಹೋದ ಮೇಲೆ ಗದರಿಸಿದರೆ ಅತ್ತುಬಿಟ್ಟಳು. ಹದಿನೈದು ದಿನದಿಂದ ತರಬೇತುದಾರ ಅದೇನೋ ಸೂಜಿ ಚುಚ್ಚುತ್ತಿದ್ದಾನೆ. ಮುಂದಿನ ತಿಂಗಳು ಗಡಿಯಾಚೆ, ನಿಮ್ಮ ಕಡೆಯ ಹುಡುಗಿಯರಿಗೂ ಅವನೇ ಶಿಬಿರ ನಡೆಸುತ್ತಾನಂತೆ; ಹದಿನಾರರ ಮಕ್ಕಳೂ ಇದ್ದಾರಂತೆ. ಆ ಮಕ್ಕಳಿಗೂ ಅದೇ ಸೂಜಿ ಬೀಳಬಾರದು. ಇದನ್ನು ಬರೆದರೆ ಅವಳಿಗೆ ಎರಡು ವರ್ಷವಲ್ಲ, ಇನ್ನೂ ಹೆಚ್ಚೇ ಆದೀತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಈ ಪುಟವನ್ನೂ ತೋರಿಸು, ಆಮೇಲೆ ತಂಗಿಗೋಸ್ಕರ ಏನು ಬೇಡಿಕೊಳ್ಳಬಹುದೋ ಬೇಡಿಕೋ. ಉತ್ತರವನ್ನು ಮನೆ ವಿಳಾಸಕ್ಕೇ ಹಾಕು, ಅವಳ ಕೈಗೆ ಸಿಕ್ಕರೂ ಸಿಗಲಿ. ಇವತ್ತು ಮನೆಗೆ ಹೋದಕೂಡಲೇ ನಾನೇ ಅವಳಿಗೆ ಹೇಳುತ್ತೇನೆ. ಬೇಗ ಬರಿ ಮಗಳೇ.